ಪುಷ್ಯ ಮಳೆಗೂ ಬಿಸಿನೀರು: ಮಲೆನಾಡಿನ ಮನೆಗೆ ಹೀಟ್ ಪಂಪ್ ಆರಿಸುವ ಬಗೆ

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಆರಿದ್ರಾ ಮಳೆ ಹಿಡಿಯಿತೆಂದರೆ ತಾರಸಿ ಮೇಲಿನ ಸೋಲಾರ್ ಹೀಟರ್ ಹೆಸರಿಗಷ್ಟೇ ಸೋಲಾರ್. ಪುನರ್ವಸು, ಪುಷ್ಯ ಕಳೆದು ಬಿಸಿಲು ಮುಖ ತೋರಿಸುವವರೆಗೆ ನೀರು ಕಾಯಿಸುವುದು ಅದರ ಟ್ಯಾಂಕಿನೊಳಗೆ ಕೂರಿಸಿರುವ 2 ಅಥವಾ 3 ಕಿಲೋವ್ಯಾಟ್ ಕಾಯಿಲ್. ಇತ್ತ ಸೌದೆಯೂ ಒದ್ದೆ. ಹಂಡೆ ಒಲೆ ಊದಿ ಊದಿ ಬಚ್ಚಲೆಲ್ಲ ಹೊಗೆ. ಹಾಸನ, ಚಿಕ್ಕಮಗಳೂರು ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ, ಗಾಳಿಯ ಶಾಖದಿಂದ ನೀರು ಕಾಯಿಸುವ ಹೀಟ್ ಪಂಪಿಗೆ ನಿಜವಾದ ಕೆಲಸ ಇರುವುದು ಮಳೆಗಾಲದ ನಾಲ್ಕು ತಿಂಗಳಲ್ಲಿ, ಮತ್ತು ಸಿಲ್ವರ್ ಓಕ್ ನೆರಳಲ್ಲಿ ಮುಳುಗಿ ವರ್ಷವಿಡೀ ಸೂರಿಗೆ ಬಿಸಿಲೇ ಬೀಳದ ತೋಟದ ಮನೆಗಳಲ್ಲಿ. ಅರಸೀಕೆರೆ, ಕಡೂರಿನ ಬಯಲಿನಲ್ಲಿ ತೆರೆದ ತಾರಸಿ ಇರುವವರಿಗೆ ಸೋಲಾರೇ ಸಾಕು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಚಳಿ ದೇಶಗಳಲ್ಲಿ ಹೀಟ್ ಪಂಪ್ ಎಂದರೆ ಮನೆಯನ್ನೇ ಬೆಚ್ಚಗಿಡುವ ಯಂತ್ರ. ಜನವರಿಯ ಬೆಳಗಿನ ಜಾವ ಹದಿಮೂರು ಹದಿನಾಲ್ಕು ಡಿಗ್ರಿಗೆ ಇಳಿಯುವ ನಮ್ಮೂರಿಗೆ ಅದು ಬೇಕಿಲ್ಲ, ಕಂಬಳಿ ಸಾಕು. ಇಲ್ಲಿ ಹೇಳುತ್ತಿರುವುದು ಸ್ನಾನದ ನೀರು ಕಾಯಿಸುವ ಹೀಟ್ ಪಂಪಿನ ವಿಚಾರ.

ಇದು ಕೆಲಸ ಮಾಡುವುದು ಹೇಗೆ

ಓಡುತ್ತಿರುವ ಫ್ರಿಜ್ಜಿನ ಪಕ್ಕ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಒಳಗಿಟ್ಟ ಹಾಲು, ತರಕಾರಿಯ ಶಾಖವನ್ನು ಅದು ಹೊತ್ತು ತಂದು ಹೊರಗೆ ಚೆಲ್ಲುತ್ತಿರುತ್ತದೆ. ಹೀಟ್ ಪಂಪ್ ಮಾಡುವುದೂ ಇದನ್ನೇ: ಸುತ್ತಲ ಗಾಳಿಯ ಶಾಖ ಕಿತ್ತು ಟ್ಯಾಂಕಿನ ನೀರಿಗೆ ತುಂಬುತ್ತದೆ. ಗೀಸರ್ ಕರೆಂಟನ್ನೇ ಶಾಖ ಮಾಡುತ್ತದೆ. ಇದು ಕರೆಂಟನ್ನು ಕೂಲಿಯಂತೆ ಬಳಸಿ ಶಾಖವನ್ನು ಸಾಗಿಸುತ್ತದೆ. ಉಳಿತಾಯದ ಗುಟ್ಟೆಲ್ಲ ಇಷ್ಟೇ.

18 ಡಿಗ್ರಿಯ ತಣ್ಣನೆ ಗಾಳಿಯಿಂದ 55 ಡಿಗ್ರಿಯ ನೀರಿಗೆ ಶಾಖ ಏರುವುದಾದರೂ ಹೇಗೆ? ಅದಕ್ಕೇ ಗ್ಯಾಸು. ಆರ್-134ಎ ಎಂಬ ಗ್ಯಾಸು ಮಾಮೂಲಿ ಒತ್ತಡದಲ್ಲಿ ಮೈನಸ್ 26 ಡಿಗ್ರಿಗೇ ಕುದಿಯುತ್ತದೆ. ಯಂತ್ರದ ಒಂದು ಪಕ್ಕದ ಜಾಲರಿ ಕಾಯಿಲ್‌ನಲ್ಲಿ ಒತ್ತಡವನ್ನು ಹದವಾಗಿ ಇಳಿಸಿ, ಅದು ಸುಮಾರು 8 ಡಿಗ್ರಿಗೆ ಕುದಿಯುವಂತೆ ಮಾಡಿರುತ್ತಾರೆ. ಫ್ಯಾನು ಎಳೆದು ತರುವ 18 ಡಿಗ್ರಿ ಗಾಳಿ ಆ ಗ್ಯಾಸಿಗೆ ಬಿಸಿಯೇ. ಗಾಳಿಯ ಶಾಖ ಹೀರಿ ಆವಿಯಾದ ಗ್ಯಾಸನ್ನು ಕಂಪ್ರೆಸರ್ ಒತ್ತಿ ಹಿಂಡುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಕಾಯುತ್ತದಲ್ಲ, ಹಾಗೆ ಗ್ಯಾಸು ಕಾಯುತ್ತದೆ. ಆ ಬಿಸಿ ಗ್ಯಾಸು ಟ್ಯಾಂಕಿಗೆ ಸುತ್ತಿದ ಕೊಳವೆಯಲ್ಲಿ ಹರಿದು, ನೀರಿಗೆ ಶಾಖ ಕೊಟ್ಟು ತಾನು ದ್ರವವಾಗುತ್ತದೆ. ಬಳಿಕ ಒಂದು ಕಿರಿದಾದ ವಾಲ್ವ್ ದಾಟಿ ಒತ್ತಡ ಕಳೆದುಕೊಂಡು ಮತ್ತೆ ತಣ್ಣಗಾಗಿ ಜಾಲರಿಗೆ ಬರುತ್ತದೆ. ಕಂಪ್ರೆಸರ್, ಫ್ಯಾನು, ಎರಡು ಕಾಯಿಲ್, ಒಂದು ವಾಲ್ವ್. ಉಳಿದದ್ದೆಲ್ಲ ಡಬ್ಬಿ ಮತ್ತು ಡಿಸ್‌ಪ್ಲೇ.

ಲೆಕ್ಕ

ನೆನಪಿಟ್ಟುಕೊಳ್ಳಬೇಕಾದ ಸೂತ್ರ ಒಂದೇ: ಲೀಟರನ್ನು ಏರಬೇಕಾದ ಡಿಗ್ರಿಯಿಂದ ಗುಣಿಸಿ 860ರಿಂದ ಭಾಗಿಸಿದರೆ ಬೇಕಾದ ಶಾಖ ಯೂನಿಟ್‌ಗಳಲ್ಲಿ ಸಿಗುತ್ತದೆ. 200 ಲೀಟರ್ ನೀರು 20 ಡಿಗ್ರಿಯಿಂದ 50ಕ್ಕೆ ಏರಬೇಕೆಂದರೆ 6,000 ÷ 860, ಅಂದರೆ ಸುಮಾರು 7 ಯೂನಿಟ್. ಗೀಸರಾಗಲಿ, ಸೋಲಾರ್ ಟ್ಯಾಂಕಿನ ಕಾಯಿಲ್ಲಾಗಲಿ ಈ 7 ಯೂನಿಟ್ಟನ್ನೂ ಮೀಟರಿನಿಂದಲೇ ಎಳೆಯುತ್ತದೆ. ಹೀಟ್ ಪಂಪ್ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಶಾಖ ಕೊಟ್ಟರೆ ಅದರ ಸಿಒಪಿ 3. ಆಗ ಮೀಟರಿನಲ್ಲಿ ಓಡುವುದು 2.3 ಯೂನಿಟ್.

ತಿಂಗಳ ಲೆಕ್ಕ ಹಾಕಿ. ಕಾಯಿಲ್ ಒಂದೇ 210 ಯೂನಿಟ್ ನುಂಗುತ್ತದೆ, ಹೀಟ್ ಪಂಪ್ 70. ಗೃಹಜ್ಯೋತಿಯಲ್ಲಿರುವ ಮನೆಗೆ ಈ ವ್ಯತ್ಯಾಸ ದೊಡ್ಡದು. 200 ಯೂನಿಟ್ ದಾಟಿದ ತಿಂಗಳು ಹೆಚ್ಚುವರಿಗೆ ಮಾತ್ರವಲ್ಲ, ಇಡೀ ಬಿಲ್ಲಿಗೇ ದುಡ್ಡು ಕಟ್ಟಬೇಕು. ಹಾಸನದಲ್ಲಿ ಸೆಸ್ಕ್ ಆದರೂ ಚಿಕ್ಕಮಗಳೂರಿನಲ್ಲಿ ಮೆಸ್ಕಾಂ ಆದರೂ ನಿಯಮ ಒಂದೇ. ಮಳೆಗಾಲದಲ್ಲಿ ಮಾತ್ರ ಬಿಲ್ ಬರುತ್ತದೆ ಎನ್ನುವ ಮನೆಗಳಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಸೋಲಾರ್ ಟ್ಯಾಂಕಿನ ಕಾಯಿಲ್ ಸ್ವಿಚ್ಚನ್ನು.

ಈಗ ಇದರ ಇನ್ನೊಂದು ಮಗ್ಗುಲು. ಯೂನಿಟ್‌ಗೆ ತೆರಿಗೆ ಗಿರಿಗೆ ಸೇರಿ 7 ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ 200 ಲೀಟರ್ ಬಿಸಿನೀರು ಬಳಸುವ, ಈಗ ಗೀಸರ್ ಮಾತ್ರ ಇರುವ ತುಂಬಿದ ಮನೆಗೆ ವರ್ಷಕ್ಕೆ ಸುಮಾರು 12,000 ರೂಪಾಯಿ ಉಳಿಯುತ್ತದೆ. ಇಬ್ಬರೇ ಇರುವ, ಬಕೆಟ್ ಸ್ನಾನದ ಮನೆಯಲ್ಲಿ ದಿನಕ್ಕೆ 60 ಲೀಟರ್ ಬೇಕಾದರೆ ಉಳಿಯುವುದು 3,600 ರೂಪಾಯಿಯ ಆಸುಪಾಸು. ಚೆನ್ನಾಗಿರುವ ಸೋಲಾರ್ ಇದ್ದು ಮಳೆಗಾಲದ 120 ದಿನ ಮಾತ್ರ ಕಾಯಿಲ್ ಹಾಕುವವರಿಗೆ 4,000 ರೂಪಾಯಿಯೊಳಗೆ. ಯಂತ್ರದ ಬೆಲೆಯನ್ನು ಈ ಅಂಕಿಯಿಂದ ಭಾಗಿಸಿ. ಉತ್ತರ ಏಳೆಂಟು ವರ್ಷ ದಾಟಿದರೆ ದುಡ್ಡಿನ ಲೆಕ್ಕದಲ್ಲಿ ಕೊಳ್ಳಬೇಡಿ. ನಾಲ್ಕು ಕೋಣೆಯ ಹೋಂಸ್ಟೇ ನಡೆಸುವವರಿಗೆ ಮಾತ್ರ ಉತ್ತರ ತೀರ ಬೇಗ ಬರುತ್ತದೆ. ತೋಟದಲ್ಲಿ ಸವರಿದ ಕಾಫಿ ರೆಂಬೆ, ಒಣಗಿದ ತೆಂಗಿನ ಮಟ್ಟೆ ರಾಶಿ ಬಿದ್ದಿದ್ದು, ಒಲೆ ಹಚ್ಚಲು ಮನೆಯಲ್ಲಿ ಜನವೂ ಇದ್ದರೆ ಹಂಡೆಯನ್ನು ಸೋಲಿಸುವ ಯಂತ್ರ ಇನ್ನೂ ಬಂದಿಲ್ಲ.

ಕರಪತ್ರದ ಸಿಒಪಿ

ಕರಪತ್ರದಲ್ಲಿ 4, 4.5 ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಯಾವ ಗಾಳಿಯಲ್ಲಿ, ಎಷ್ಟು ಡಿಗ್ರಿ ನೀರನ್ನು ಎಷ್ಟಕ್ಕೆ ಏರಿಸಿದಾಗ ಎಂದು ಕೆಳಗೆ ಸಣ್ಣಕ್ಷರದಲ್ಲಿರುತ್ತದೆ, ಇಲ್ಲವೇ ಇರುವುದೇ ಇಲ್ಲ. 35 ಡಿಗ್ರಿ ಸೆಖೆಯಲ್ಲಿ ಅಳೆದ ಸಿಒಪಿಯನ್ನು ಬಾಬಾಬುಡನ್‌ಗಿರಿ ತಪ್ಪಲಿನ ಮನೆಗೆ ತಂದರೆ ಅದು ಆ ಅಂಕಿ ಕೊಡುವುದಿಲ್ಲ. ಗಾಳಿ 10 ಡಿಗ್ರಿ ತಣ್ಣಗಾದರೆ ಸಿಒಪಿ ಐದನೇ ಒಂದರಿಂದ ಕಾಲು ಭಾಗದವರೆಗೆ ಇಳಿಯುತ್ತದೆ. ನೀರನ್ನು 50ರ ಬದಲು 60ಕ್ಕೆ ಏರಿಸಿದರೂ ಹೆಚ್ಚುಕಡಿಮೆ ಅಷ್ಟೇ ಪೆಟ್ಟು. ಗಾಳಿ 20 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ, ನೀರು 55 ಡಿಗ್ರಿ ಎಂದು ಸ್ಪಷ್ಟವಾಗಿ ಬರೆದ ಅಂಕಿ ಕೇಳಿ. ಆ ಲೆಕ್ಕದಲ್ಲಿ 3 ಕೊಡುವ ಯಂತ್ರ ನಮ್ಮ ಕಡೆಗೆ ಒಳ್ಳೆಯದೇ. ಷರತ್ತಿಲ್ಲದ 4.5ಕ್ಕಿಂತ ಷರತ್ತು ಬರೆದ 3 ಮೇಲು.

ನಮ್ಮ ಮಳೆ ಇಲ್ಲಿ ಶತ್ರುವಲ್ಲ. ಜುಲೈ ಗಾಳಿ 20 ಡಿಗ್ರಿಯಷ್ಟಿದ್ದು ತೇವದಿಂದ ತೊಯ್ದಿರುತ್ತದೆ. ತಣ್ಣನೆ ಜಾಲರಿಗೆ ತಾಗಿ ಆ ತೇವ ನೀರಾಗುವಾಗ ಲೀಟರಿಗೆ ಸುಮಾರು 0.7 ಯೂನಿಟ್ ಶಾಖ ಬಿಟ್ಟುಕೊಡುತ್ತದೆ, ಅದೂ ಬಿಟ್ಟಿ. ಹಾಗಾಗಿ ಅದೇ 20 ಡಿಗ್ರಿಯ ಒಣ ಗಾಳಿಗಿಂತ ಮಲೆನಾಡಿನ ಒದ್ದೆ ಗಾಳಿಯಲ್ಲಿ ಯಂತ್ರ ಚೆನ್ನಾಗಿ ಓಡುತ್ತದೆ. ಜಾಲರಿ ಮೇಲೆ ಮಂಜುಗಡ್ಡೆ ಕಟ್ಟುವ ಚಳಿ ದೇಶಗಳ ತಾಪತ್ರಯ ಇಲ್ಲಿ ಬಹುಮಟ್ಟಿಗೆ ಇಲ್ಲ. ಆದರೆ ಇಳಿದ ನೀರು ಗಂಟೆಗೆ ಅರ್ಧದಿಂದ ಒಂದು ಲೀಟರ್ ಆಗಬಹುದು. ಅದು ಹೋಗಲು ಇಳಿಜಾರಾಗಿ ಒಂದು ಪೈಪು ಬೇಕು. ಅದನ್ನು ಮರೆತ ಮನೆಯ ಗೋಡೆ ಒಂದೇ ಮಳೆಗಾಲದಲ್ಲಿ ಪಾಚಿ ಹಿಡಿಯುತ್ತದೆ.

ಎಷ್ಟು ದೊಡ್ಡದು?

ಸ್ನಾನ ಮಾಡುವುದು 40 ಡಿಗ್ರಿ ನೀರಲ್ಲಿ, ಟ್ಯಾಂಕಿನಲ್ಲಿರುವುದು 55 ಎಂದಿಟ್ಟುಕೊಳ್ಳಿ. ನಲ್ಲಿ ನೀರು 20 ಡಿಗ್ರಿ ಇದ್ದರೆ, ಬೆರೆಸಿದ ಪ್ರತಿ 100 ಲೀಟರಿನಲ್ಲಿ ಟ್ಯಾಂಕಿನ ಪಾಲು 57. ಐದು ಜನ ತಲಾ 40 ಲೀಟರ್ ಬಕೆಟ್ ಸ್ನಾನ ಮಾಡಿದರೆ ಬೇಕಾದ ಬಿಸಿನೀರು 115 ಲೀಟರ್. 150ರ ಟ್ಯಾಂಕು ಧಾರಾಳ. ಶವರ್ ಇದ್ದರೆ ಚಿತ್ರ ಬದಲಾಗುತ್ತದೆ. ನಿಮಿಷಕ್ಕೆ 8 ಲೀಟರಿನ ಶವರ್ ಕೆಳಗೆ ಹುಡುಗರು ಹತ್ತು ನಿಮಿಷ ನಿಂತರೆ ತಲೆಗೆ 80 ಲೀಟರ್. ಹಾಗಿದ್ದರೆ 200 ಅಥವಾ 250.

ಟ್ಯಾಂಕು ಚಿಕ್ಕದಾದರೆ ಆಗುವ ತೊಂದರೆ ಗೀಸರಿನದಕ್ಕಿಂತ ಬೇರೆ. ಗೀಸರ್ ಹತ್ತು ಹದಿನೈದು ನಿಮಿಷದಲ್ಲಿ ಮತ್ತೆ ಕಾಯುತ್ತದೆ. ಹೀಟ್ ಪಂಪಿಗೆ ಅವಸರ ಗೊತ್ತಿಲ್ಲ: 2 ಕಿಲೋವ್ಯಾಟ್ ಶಾಖ ಕೊಡುವ ಯಂತ್ರ 200 ಲೀಟರನ್ನು 35 ಡಿಗ್ರಿ ಏರಿಸಲು ನಾಲ್ಕು ಗಂಟೆ ತೆಗೆದುಕೊಳ್ಳುತ್ತದೆ. ನೆಂಟರು ಬಂದ ದಿನ ನೀರು ಮುಗಿದರೆ ಮನೆಯವರು ಮಾಡುವ ಕೆಲಸ ಒಂದೇ, ಒಳಗಿನ ಹೆಚ್ಚುವರಿ ಕಾಯಿಲ್ ಆನ್ ಮಾಡುವುದು. ಅದು ಆಮೇಲೆ ಆಫ್ ಆಗುವುದೇ ಇಲ್ಲ. ‘ಹೀಟ್ ಪಂಪ್ ಹಾಕಿಸಿದರೂ ಬಿಲ್ ಇಳಿಯಲಿಲ್ಲ’ ಎಂಬ ದೂರುಗಳ ಹಿಂದೆ ಹೆಚ್ಚಾಗಿ ಇರುವುದು ಇದೇ. ಫಿಟ್ಟಿಂಗಿಗೆ ಬಂದವರೂ ಗಿರಾಕಿ ಫೋನ್ ಮಾಡದಿರಲಿ ಎಂದು ಕಾಯಿಲ್ಲೂ ಜೊತೆಗೆ ಓಡುವ ಹೈಬ್ರಿಡ್ ಅಥವಾ ಬೂಸ್ಟ್ ಮೋಡಿನಲ್ಲಿಟ್ಟು ಹೋಗುವುದುಂಟು. ಅವರು ಗೇಟು ದಾಟುವ ಮುನ್ನ ಇಕಾನಮಿ ಮೋಡಿಗೆ ಹಾಕಿಸಿಕೊಳ್ಳಿ.

ಹೋಂಸ್ಟೇಗೆ ಎಂಟು ಅತಿಥಿಗಳು, ತಲಾ 60 ಲೀಟರ್ ಎಂದರೂ 275 ಲೀಟರ್ ಬಿಸಿನೀರು. ಬಿಸಿನೀರು ಮೇಲಿನಿಂದ ಹೋದಂತೆ ಕೆಳಗಿನಿಂದ ತಣ್ಣೀರು ಬೆರೆಯುವುದರಿಂದ ಟ್ಯಾಂಕಿನ ನೂರಕ್ಕೆ ನೂರು ಸಿಗುವುದಿಲ್ಲ, 85 ಎಂದಿಟ್ಟುಕೊಳ್ಳಿ. ಒಂದು ದೊಡ್ಡ ಟ್ಯಾಂಕಿಗಿಂತ 200ರ ಎರಡು ವಾಸಿ. ಒಂದು ಕೆಟ್ಟರೂ ಶನಿವಾರದ ಬುಕಿಂಗ್ ಉಳಿಯುತ್ತದೆ, ಜನ ಬಾರದ ವಾರ ಒಂದನ್ನು ಆರಿಸಿಡಬಹುದು.

ಯಾವ ಬಗೆ, ಯಾವ ಗ್ಯಾಸು, ಯಾವ ನೀರಿಗೆ

ಟ್ಯಾಂಕಿನ ತಲೆ ಮೇಲೇ ಯಂತ್ರ ಕೂತ ಮಾದರಿಯಲ್ಲಿ ಗ್ಯಾಸು ಕಾರ್ಖಾನೆಯಲ್ಲೇ ತುಂಬಿ ಬಂದಿರುತ್ತದೆ. ನೀರು, ಕರೆಂಟು ಜೋಡಿಸಿದರೆ ಮುಗಿಯಿತು. ಸ್ಪ್ಲಿಟ್ ಮಾದರಿಯಲ್ಲಿ ಯಂತ್ರ ಹೊರಗೆ, ಟ್ಯಾಂಕು ಒಳಗೆ, ನಡುವೆ ತಾಮ್ರದ ಪೈಪು. ಆ ಪೈಪಿನ ಜೋಡಣೆಯನ್ನು ವ್ಯಾಕ್ಯೂಮ್ ಪಂಪ್ ಹಾಕಿ ಒಳಗಿನ ಗಾಳಿ, ತೇವ ಎಳೆದು ಮಾಡಬೇಕು. ಪಂಪ್ ತಾರದೆ ಸ್ವಲ್ಪ ಗ್ಯಾಸು ಬಿಟ್ಟು ಗಾಳಿ ತಳ್ಳಿ ಮುಗಿಸುವವರು ಬಂದರೆ ಕೆಲಸ ನಿಲ್ಲಿಸಿ. ಉಳಿದ ತೇವ ಎರಡು ಮೂರು ವರ್ಷದಲ್ಲಿ ಕಂಪ್ರೆಸರಿಗೆ ಕಂಟಕ. ಎಸಿ ಮೆಕ್ಯಾನಿಕ್ ಸುಲಭಕ್ಕೆ ಸಿಗದ ಒಳ ಊರುಗಳಿಗೆ ಮೊದಲ ಮಾದರಿಯೇ ಸರಿ. ಚೆನ್ನಾಗಿರುವ ಸೋಲಾರ್ ಟ್ಯಾಂಕಿಗೇ ಪಕ್ಕದಿಂದ ಜೋಡಿಸುವ, ಸಣ್ಣ ಪಂಪಿನಿಂದ ನೀರು ಸುತ್ತಿಸುವ ಮೂರನೇ ಬಗೆಯೂ ಇದೆ. ಗಡಸು ನೀರಿದ್ದರೆ ಅದರ ಹತ್ತಿರ ಹೋಗಬೇಡಿ.

ಯಾಕೆಂದರೆ ನೀರು ಸುತ್ತುವ ಆ ಸಂದುಗಳು ಕಿರಿದು. ಅರಸೀಕೆರೆ, ಕಡೂರು ಕಡೆಯ ಬೋರ್‌ವೆಲ್ ನೀರು ಪಾತ್ರೆ ತಳದಲ್ಲಿ ಬಿಳಿ ಪದರ ಬಿಡುವಂಥದ್ದು. ಅದೇ ಪದರ ಇಲ್ಲಿ ಕಟ್ಟಿ ಶಾಖ ದಾಟದಂತೆ ತಡೆಯುತ್ತದೆ. 60 ಡಿಗ್ರಿ ಮೀರಿದರೆ ಕಟ್ಟುವ ವೇಗ ಇನ್ನೂ ಹೆಚ್ಚು. ಅಂಥಲ್ಲಿ ಬಿಸಿ ಗ್ಯಾಸಿನ ಕಾಯಿಲ್ ಟ್ಯಾಂಕಿನ ಹೊರಮೈಗೆ ಸುತ್ತಿದ ಮಾದರಿ ತೆಗೆದುಕೊಳ್ಳಿ, ದಿನದ ಬಳಕೆಗೆ 50 ಡಿಗ್ರಿ ದಾಟಿಸಬೇಡಿ. ಮಲೆನಾಡಿನ ಹಳ್ಳ, ಒರತೆಯ ನೀರಿನ ಸಮಸ್ಯೆ ಇದಕ್ಕೆ ತಿರುಗುಮುರುಗು: ಅದು ಮೆದು, ತುಸು ಹುಳಿ, ಹಾಗಾಗಿ ಲೋಹ ತಿನ್ನುತ್ತದೆ. ಎನಾಮಲ್ ಲೇಪದ ಟ್ಯಾಂಕುಗಳಲ್ಲಿ ಮೆಗ್ನೀಸಿಯಂ ಆನೋಡ್ ಎಂಬ ಹೆಬ್ಬೆರಳು ದಪ್ಪದ ಸರಳು ಇರುತ್ತದೆ. ಟ್ಯಾಂಕಿಗೆ ಬದಲು ತಾನು ಕರಗುವುದೇ ಅದರ ಕೆಲಸ. ಒಂದು ವರ್ಷ ಕಳೆದ ಮೇಲೆ ಬಿಚ್ಚಿಸಿ ನೋಡಿ. ಕಬ್ಬಿನ ಜಲ್ಲೆಯಂತಿದ್ದದ್ದು ಪೆನ್ಸಿಲ್ಲಿನಷ್ಟಾಗಿದ್ದರೆ ಬದಲಿಸಿ. ಅದು ಮುಗಿದ ಮರುದಿನದಿಂದ ನೀರು ತಿನ್ನುವುದು ಟ್ಯಾಂಕನ್ನೇ.

ಗ್ಯಾಸಿನ ವಿಚಾರ ಬೇಗ ಮುಗಿಸಬಹುದು. ಆರ್-134ಎ ಹಳೆಯದು, ಸೌಮ್ಯ, ಮೆಕ್ಯಾನಿಕ್‌ಗಳಿಗೆ ಪರಿಚಿತ. ವಾತಾವರಣ ಬಿಸಿ ಮಾಡುವ ಶಕ್ತಿ ಇಂಗಾಲದ ಡೈಆಕ್ಸೈಡಿನ 1,430 ಪಟ್ಟು. ಆರ್-32ಕ್ಕೆ ಅದು 675. ಆರ್-290 ಎಂದರೆ ಪ್ರೊಪೇನ್; ಈ ಲೆಕ್ಕದಲ್ಲಿ ತೀರ ನಿರುಪದ್ರವಿ, ದಕ್ಷತೆಯೂ ಚೆನ್ನ, ಆದರೆ ಬೆಂಕಿ ಹಿಡಿಯುತ್ತದೆ. ಅದನ್ನು ಬಚ್ಚಲೊಲೆಯ ಕೋಣೆಯಲ್ಲಿ ಇಡುವಂತಿಲ್ಲ.

ಎಲ್ಲಿಡಬೇಕು

ಯಂತ್ರದ ಗುಣಕ್ಕಿಂತ ಇಟ್ಟ ಜಾಗ ಹೆಚ್ಚು ಕೆಡಿಸುತ್ತದೆ. ಗೃಹಬಳಕೆಯ ಹೀಟ್ ಪಂಪ್ ಗಂಟೆಗೆ ಕೆಲವು ನೂರು ಘನ ಮೀಟರ್ ಗಾಳಿ ಎಳೆದು, 5ರಿಂದ 8 ಡಿಗ್ರಿ ತಣ್ಣಗೆ ಮಾಡಿ ಹೊರಗೆ ಬಿಡುತ್ತದೆ. ಮುಚ್ಚಿದ ಬಚ್ಚಲಿನಲ್ಲೋ ಮೆಟ್ಟಿಲ ಕೆಳಗಿನ ಗೂಡಿನಲ್ಲೋ ಇಟ್ಟರೆ ತಾನು ಬಿಟ್ಟ ತಣ್ಣನೆ ಗಾಳಿಯನ್ನೇ ಮತ್ತೆ ಎಳೆಯುತ್ತದೆ. ಅರ್ಧ ಗಂಟೆಯಲ್ಲಿ ಆ ಗೂಡು ಫ್ರಿಜ್ಜಾಗುತ್ತದೆ. ತಗಡು ಹೊದಿಸಿದ, ಎರಡು ಕಡೆ ತೆರೆದ ಜಾಗ ಉತ್ತಮ. ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಜಗಲಿ ಇದ್ದರೆ ಅಲ್ಲೇ ಇಡಿ: ಹೊರಬರುವ ಗಾಳಿ ತೇವ ಕಳೆದುಕೊಂಡಿರುತ್ತದೆ, ಬಟ್ಟೆಗೂ ಒಂದಿಷ್ಟು ಉಪಕಾರ. ಅಡುಗೆಮನೆಯ ಹೊಗೆ ಗೂಡಿನ ಎದುರು ಬೇಡ, ಎಣ್ಣೆ ಜಿಡ್ಡು ಜಾಲರಿಗೆ ಅಂಟುತ್ತದೆ. ಮಲಗುವ ಕೋಣೆಯ ಗೋಡೆಗೂ ತಾಗಿಸಬೇಡಿ, ಗುಂಯ್ ಸದ್ದು ಗೋಡೆಯೊಳಗೆ ಹರಿಯುತ್ತದೆ. ಕಾಲಡಿಗೆ ರಬ್ಬರ್ ಪ್ಯಾಡ್ ಇರಲಿ. ನೀರು ತುಂಬಿದ 200 ಲೀಟರಿನ ಯಂತ್ರ 300 ಕಿಲೋ ಹತ್ತಿರ ತೂಗುತ್ತದೆ. ಹೆಂಚಿನ ಮನೆಯ ಅಟ್ಟಕ್ಕೆ ಏರಿಸುವ ಮಾತೇ ಬೇಡ, ನೆಲದ ಮೇಲೆ ಅರ್ಧ ಅಡಿ ಕಾಂಕ್ರೀಟ್ ಕಟ್ಟೆ ಹಾಕಿಸಿ.

ಬಚ್ಚಲಿನಿಂದ ದೂರ ಹೋದಷ್ಟೂ ನಷ್ಟ. ಮುಕ್ಕಾಲು ಇಂಚಿನ 15 ಮೀಟರ್ ಪೈಪಿನಲ್ಲಿ ನಾಲ್ಕು ಲೀಟರ್ ನೀರು ನಿಂತಿರುತ್ತದೆ. ಪ್ರತಿ ಸಲ ನಲ್ಲಿ ತಿರುಗಿಸಿದಾಗ ಮೊದಲು ಬರುವುದು ಆ ತಣ್ಣೀರು. ಬಿಸಿನೀರಿಗೆ ಸಿಪಿವಿಸಿ ಪೈಪನ್ನೇ ಹಾಕಿಸಿ, ಮೇಲೆ 13 ಮಿಲಿಮೀಟರ್ ಕಪ್ಪು ಫೋಮ್ ಹೊದಿಸಿ. ಕಾಯುವಾಗ 200 ಲೀಟರ್ ನೀರು ಎರಡೂವರೆ ಲೀಟರಿನಷ್ಟು ಹಿಗ್ಗುತ್ತದೆ. ತಣ್ಣೀರಿನ ಪೈಪಿಗೆ ನೀರು ಹಿಂದಕ್ಕೆ ಹೋಗದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಇದ್ದರೆ ಆ ಹಿಗ್ಗು ಹೊರಬರುವುದು ಸೇಫ್ಟಿ ವಾಲ್ವಿನಿಂದ, ಹನಿ ಹನಿಯಾಗಿ. ಅದು ಸೋರಿಕೆಯಲ್ಲ. ಸೋರುತ್ತಿದೆ ಎಂದು ಪ್ಲಂಬರ್ ಕೈಲಿ ಅದಕ್ಕೆ ಪ್ಲಗ್ ಹಾಕಿಸುವುದು, ಪ್ರೆಷರ್ ಕುಕ್ಕರಿನ ವಾಲ್ವಿಗೆ ಬೆಣೆ ಹೊಡೆದಂತೆ.

ಕರೆಂಟು

ಸಿಂಗಲ್ ಫೇಸ್ ಯಂತ್ರವನ್ನೇ ಕೊಳ್ಳಿ. ಓಡುವಾಗ ಎಳೆಯುವುದು 600ರಿಂದ 900 ವ್ಯಾಟ್. ಸ್ಟಾರ್ಟ್ ಆಗುವಾಗ ಅದರ ಹಲವು ಪಟ್ಟು. ಲೈನಿನ ಕೊನೆಯ ತೋಟದ ಮನೆಗಳಲ್ಲಿ ಸಂಜೆ ವೋಲ್ಟೇಜ್ 170ಕ್ಕೆ ಇಳಿದಾಗ ಕಂಪ್ರೆಸರ್ ಏಳಲಾರದೆ ಗುರ್ ಎಂದು ಟ್ರಿಪ್ ಆಗುತ್ತದೆ. ಹೀಗೇ ದಿನವೂ ಆದರೆ ಸುಟ್ಟುಹೋಗುತ್ತದೆ. ಅಂಥಲ್ಲಿ 3 ಕೆವಿಎ ಸ್ಟೆಬಿಲೈಜರ್, 2.5 ಸ್ಕ್ವೇರ್ ಎಂಎಂ ತಾಮ್ರದ ಬೇರೆಯೇ ವೈರು, ಲೋಡ್ ಹೆಚ್ಚಾದರೆ ತಾನೇ ಬೀಳುವ 16 ಆಂಪ್ ಎಂಸಿಬಿ, ಶಾಕ್ ತಡೆಯುವ 30 ಮಿಲಿ ಆಂಪಿನ ಆರ್‌ಸಿಸಿಬಿ ಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಸರ್ಜ್ ಪ್ರೊಟೆಕ್ಟರ್ ಮತ್ತು ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಮೊದಲು ಹೋಗುವುದು ಪಿಸಿಬಿ, ಅಂದರೆ ಯಂತ್ರವನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡು. ಇರುವೆ, ಹಲ್ಲಿಗಳಿಗೂ ಅದೇ ಬೆಚ್ಚನೆಯ ಬೋರ್ಡು ಇಷ್ಟ. ವೈರು ಒಳಹೋಗುವ ತೂತುಗಳನ್ನು ಸೀಲ್ ಮಾಡಿಸಿ. ಹಾಸನದಲ್ಲೇ ಬದಲಿ ಪಿಸಿಬಿ ಸಿಗುತ್ತದೆಯೋ, ಬೆಂಗಳೂರಿನಿಂದ ಬರಬೇಕೋ, ಎಷ್ಟು ದಿನ ಎಂಬುದನ್ನು ದುಡ್ಡು ಕೊಡುವ ಮೊದಲೇ ಕೇಳಿ. ಟ್ಯಾಂಕು, ಕಂಪ್ರೆಸರ್, ಬೋರ್ಡು ಮೂರಕ್ಕೂ ವಾರಂಟಿ ಬೇರೆ ಬೇರೆ ಇರುತ್ತದೆ.

ಟೈಮರನ್ನು ಬೆಳಗಿನ ನಾಲ್ಕಕ್ಕೆ ಇಡುವುದು ಗೀಸರಿನ ಅಭ್ಯಾಸ. ಇದಕ್ಕೆ ಮಧ್ಯಾಹ್ನ ಹನ್ನೊಂದರಿಂದ ನಾಲ್ಕರವರೆಗೆ ಕೊಡಿ. ಡಿಸೆಂಬರಿನಲ್ಲೂ ಆಗ ಗಾಳಿ 25ರ ಮೇಲಿರುತ್ತದೆ, ಬೆಳಗಿನ ಜಾವಕ್ಕಿಂತ ಹತ್ತು ಡಿಗ್ರಿ ಹೆಚ್ಚು. ಸುತ್ತ 50 ಮಿಲಿಮೀಟರ್ ಪಫ್ (ಶಾಖ ತಡೆಯುವ ಫೋಮ್) ಇರುವ ಟ್ಯಾಂಕು ಬೆಳಗ್ಗೆವರೆಗೆ ಬಿಸಿ ಹಿಡಿದಿಡುತ್ತದೆ. ದಿನವೂ 50 ಡಿಗ್ರಿ ಸಾಕು. ವಾರಕ್ಕೊಮ್ಮೆ 60ಕ್ಕೆ ಏರಿಸಿದರೆ ನಿಂತ ನೀರಿನಲ್ಲಿ ಬೆಳೆಯುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಸಾಯುತ್ತದೆ. ಸದಾ ಖಾಲಿ ಬಿದ್ದು ವಾರಾಂತ್ಯಕ್ಕೆ ತೆರೆಯುವ ಹೋಂಸ್ಟೇಗಳು ಇದನ್ನು ತಪ್ಪಿಸಬಾರದು.

ಮನೆಯಲ್ಲೇ ಪರೀಕ್ಷೆ

ಫಿಟ್ ಮಾಡಿದ ವಾರದಲ್ಲೇ ಅಳೆದುಬಿಡಿ. ಬೇಕಾದದ್ದು 16 ಆಂಪಿನ ಪ್ಲಗ್ ಎನರ್ಜಿ ಮೀಟರ್ ಮತ್ತು ಅಡುಗೆಗೆ ಬಳಸುವ ಚುಚ್ಚು ಥರ್ಮಾಮೀಟರ್. ಟ್ಯಾಂಕಿನ ಬಿಸಿನೀರೆಲ್ಲ ಹರಿಸಿ, ತಣ್ಣೀರು ಬರುವವರೆಗೆ ಬಿಡಿ. ಅದರ ಉಷ್ಣತೆ ಬರೆದುಕೊಳ್ಳಿ, 21 ಎನ್ನಿ. ನಲ್ಲಿಗಳನ್ನೆಲ್ಲ ಮುಚ್ಚಿ, ಇಕಾನಮಿ ಮೋಡಿನಲ್ಲಿ ಓಡಿಸಿ, ತಾನಾಗಿ ನಿಂತಾಗ ಯೂನಿಟ್ ನೋಡಿ, 2.3 ಎನ್ನಿ. ಈಗ ಬಕೆಟ್ಟಿಗೆ ನೀರು ಬಿಡುತ್ತ ಮೊದಲಲ್ಲಿ, 50 ಲೀಟರ್ ಹೋದ ಮೇಲೆ, 100 ಲೀಟರ್ ಹೋದ ಮೇಲೆ ಅಳೆದು ಸರಾಸರಿ ತೆಗೆಯಿರಿ, 51 ಬಂತೆನ್ನಿ. 200 ಗುಣಿಸು 30, ಭಾಗಿಸು 860, ಉತ್ತರ 7. ಅದನ್ನು 2.3ರಿಂದ ಭಾಗಿಸಿದರೆ 3. ಯಂತ್ರ ಸರಿಯಾಗಿದೆ.

ಎರಡಕ್ಕಿಂತ ಕಡಿಮೆ ಬಂದರೆ ಓಡುತ್ತಿರುವಾಗಲೇ ಮೀಟರಿನ ವ್ಯಾಟ್ ನೋಡಿ. 2,000 ದಾಟಿದ್ದರೆ ಒಳಗಿನ ಕಾಯಿಲ್ ಹೊತ್ತಿದೆ, ಮೋಡ್ ಬದಲಿಸಿ. ವ್ಯಾಟ್ ಕಡಿಮೆಯೇ ಇದ್ದು, ಫ್ಯಾನಿನಿಂದ ಬರುವ ಗಾಳಿಗೂ ಒಳಹೋಗುವ ಗಾಳಿಗೂ ಎರಡು ಡಿಗ್ರಿಯೂ ವ್ಯತ್ಯಾಸವಿಲ್ಲದಿದ್ದರೆ ಗ್ಯಾಸು ಸೋರಿರಬೇಕು. ಗಾಳಿ ತೀರ ತಣ್ಣಗಿದ್ದು ಬೀಸು ಮಾತ್ರ ಸೋತಿದ್ದರೆ ಜಾಲರಿ ಕಟ್ಟಿದೆ: ಸಿಲ್ವರ್ ಓಕ್ ಎಲೆ, ಜೇಡನ ಬಲೆ, ಕಾಫಿ ಒಣಗಿಸುವ ಕಾಲದ ಕಣದ ದೂಳು. ಸ್ವಿಚ್ ಆರಿಸಿ, ಮೆದು ಬ್ರಷ್ಷಿನಿಂದ ಮೇಲಿಂದ ಕೆಳಕ್ಕೆ ಎಳೆದು, ಹೋಸಿನಲ್ಲಿ ನಿಧಾನಕ್ಕೆ ತೊಳೆಯಿರಿ. ಕಾರು ತೊಳೆಯುವ ಪ್ರೆಷರ್ ಗನ್ ಹಿಡಿದರೆ ಕಾಗದದಷ್ಟು ತೆಳುವಾದ ಆ ಅಲ್ಯುಮಿನಿಯಂ ಎಲೆಗಳು ಮಡಚಿಕೊಳ್ಳುತ್ತವೆ, ಆಮೇಲೆ ಬಾಚಣಿಗೆ ಹಿಡಿದು ಒಂದೊಂದನ್ನೇ ನೆಟ್ಟಗೆ ಮಾಡುತ್ತ ಕೂರಬೇಕು.